ಬೂಮ್ ಪಂಪ್ ಕಾಂಕ್ರೀಟ್ ಬಿಡದಿದ್ದಾಗ ದೋಷ ಹುಡುಕುವುದು ಹೇಗೆ

ಕಳೆದ ಏಪ್ರಿಲ್‌ನಲ್ಲಿ ಕೋಲಾರದ ವೇಮಗಲ್ ಹತ್ತಿರ ಒಂದು ಕಾರ್ಖಾನೆಯ ತಳಪಾಯಕ್ಕೆ ಕಾಂಕ್ರೀಟ್ ಹಾಕುತ್ತಿದ್ದೆವು. ನಮ್ಮದು 36 ಮೀಟರ್ ಬೂಮ್ ಪಂಪ್, ಅಂದರೆ ಲಾರಿಯ ಮೇಲಿನ ಮಡಚುವ ತೋಳಿನ ಪೈಪಿನಲ್ಲಿ ಕಾಂಕ್ರೀಟ್ ತಳ್ಳುವ ಗಾಡಿ. ಬೆಳಿಗ್ಗೆ 8ಕ್ಕೆ ಶುರು ಮಾಡಿದ್ದು, ಮೂರನೇ ಟಿಎಂ (ಕಾಂಕ್ರೀಟ್ ತರುವ ಟ್ರಾನ್ಸಿಟ್ ಮಿಕ್ಸರ್ ಲಾರಿ) ಖಾಲಿಯಾಗುವ ಹೊತ್ತಿಗೆ ಲೈನ್ ಜಾಮ್ ಆಯಿತು. ರಿವರ್ಸ್ ಹೊಡೆದು ಬಿಡಿಸಿದೆವು. ಅರ್ಧ ಗಂಟೆಗೆ ಮತ್ತೆ ಜಾಮ್. ಮತ್ತೆ ಬಿಡಿಸಿದೆವು. ಮೂರನೇ ಸಲ ನಿಂತಾಗ ಹನ್ನೊಂದೂವರೆ. ಬಿಸಿಲು ನೆತ್ತಿಗೆ ಬಂದಿತ್ತು. ಗೇಟಿನ ಹೊರಗೆ ಎರಡು ಟಿಎಂ ಡ್ರಮ್ ತಿರುಗಿಸುತ್ತಾ ಕಾಯುತ್ತಿದ್ದವು.

"ಮಾಲು ಗಟ್ಟಿ ಬರ್ತಿದೆ, ಹಾಪರ್‌ಗೆ ಸ್ವಲ್ಪ ನೀರು ಬಿಡಿ" ಎಂದು ಮೇಸ್ತ್ರಿ ಕೂಗಿದರು. ಮಾಲು ಅಂದರೆ ಕಾಂಕ್ರೀಟ್, ಹಾಪರ್ ಅಂದರೆ ಟಿಎಂ ಅದನ್ನು ಸುರಿಯುವ ಪಂಪಿನ ತೊಟ್ಟಿ. ಸೈಟ್ ಎಂಜಿನಿಯರ್ ಪ್ಲಾಂಟಿಗೆ ಫೋನ್ ಹಚ್ಚಿ ಬೈಯುತ್ತಿದ್ದರು. ನನ್ನ ಹೆಲ್ಪರ್ ಹುಡುಗ ಮಾತ್ರ ದೂರ ನಿಂತು ಬೂಮ್ ಕಡೆಯೇ ನೋಡುತ್ತಿದ್ದ. "ಅಣ್ಣ, ಮೂರು ಸಲಾನೂ ಅದೇ ಬೆಂಡ್ ಹತ್ರಾನೇ ಅಲ್ವಾ?" ಅಂದ.

ಹುಡುಗ ಹೇಳಿದ್ದು ಸರಿ ಇತ್ತು. ಮಾಲು ಕೆಟ್ಟಿದ್ದರೆ ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ಸಲವೂ ಒಂದೇ ಕಡೆ ಕಟ್ಟಿಕೊಂಡರೆ ಆ ಜಾಗವನ್ನೇ ಅನುಮಾನಿಸಬೇಕು. ನಾನು ನೀರು ಬಿಡಲು ಒಪ್ಪಲಿಲ್ಲ. ಆಮೇಲೆ ಏನು ಸಿಕ್ಕಿತು ಎಂದು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ನಾವು ಎಲ್ಲಿಂದ ಹುಡುಕಲು ಶುರು ಮಾಡುತ್ತೇವೆ ಅನ್ನುವುದನ್ನು ಹೇಳಬೇಕು. ಸೈಟಿನಲ್ಲಿ ಪಂಪ್ ನಿಂತ ಕೂಡಲೇ ಹತ್ತು ಜನ ಹತ್ತು ಮಾತಾಡುತ್ತಾರೆ. ಆ ಗಲಾಟೆಯಲ್ಲಿ ಆಪರೇಟರ್ ಮೊದಲು ನೋಡಬೇಕಾದದ್ದು ಗೇಜ್.

ಮುಳ್ಳು ಎಲ್ಲಿದೆ?

ಪ್ಯಾನೆಲ್‌ನಲ್ಲಿರುವ ಪ್ರೆಷರ್ ಗೇಜ್ ತೋರಿಸುವುದು ಹೈಡ್ರಾಲಿಕ್ ಆಯಿಲಿನ ಒತ್ತಡ, ಪೈಪಿನೊಳಗಿನ ಕಾಂಕ್ರೀಟಿನ ಒತ್ತಡ ಅಲ್ಲ. ಆದರೂ ಮಾಲನ್ನು ತಳ್ಳಲು ಪಂಪ್ ಎಷ್ಟು ಕಷ್ಟಪಡುತ್ತಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ. 20 ಮಿ.ಮೀ. ಜಲ್ಲಿಯ ಸಾಧಾರಣ ಮಾಲು ಓಡುವಾಗ ನಮ್ಮ ಗಾಡಿಯಲ್ಲಿ ಮುಳ್ಳು 100ರಿಂದ 140 ಬಾರ್ ನಡುವೆ ಆಡುತ್ತದೆ. ನಿಮ್ಮ ಗಾಡಿಯದು ಬೇರೆ ಇರಬಹುದು. ಚೆನ್ನಾಗಿ ಓಡುವ ದಿನವೇ ಅದನ್ನು ನೋಡಿ ಬರೆದಿಟ್ಟುಕೊಳ್ಳಿ. ಆ ಅಂಕಿ ಕೈಯಲ್ಲಿ ಇಲ್ಲದಿದ್ದರೆ ಪಂಪ್ ಕೈಕೊಟ್ಟ ದಿನ ಹೋಲಿಸಲು ಏನೂ ಇರುವುದಿಲ್ಲ.

ಕಾಂಕ್ರೀಟ್ ಬರುತ್ತಿಲ್ಲ, ಮುಳ್ಳು ಮೇಲೆ ಏರಿದೆ ಅಂದರೆ ದಾರಿ ಕಟ್ಟಿದೆ. ಕಾಂಕ್ರೀಟ್ ಬರುತ್ತಿಲ್ಲ, ಸ್ಟ್ರೋಕ್ (ಪಿಸ್ಟನ್ನಿನ ಒಂದೊಂದು ತಳ್ಳು) ಓಡುತ್ತಿದೆ, ಮುಳ್ಳು ಕೆಳಗೇ ಇದೆ ಅಂದರೆ ಸಿಲಿಂಡರಿಗೆ ಮಾಲು ಸಿಗುತ್ತಿಲ್ಲ, ಇಲ್ಲವೇ ಒಳಗೇ ಸೋರುತ್ತಿದೆ. ಸ್ಟ್ರೋಕೇ ಇಲ್ಲ, ಮುಳ್ಳು ಅಲುಗಾಡುತ್ತಲೂ ಇಲ್ಲ ಅಂದರೆ ಮಾಲಿಗೂ ಪೈಪಿಗೂ ಸಂಬಂಧ ಇಲ್ಲ. ಆಗ ಸ್ವಿಚ್, ವೈರ್, ಆಯಿಲ್ ಕಡೆ ತಿರುಗಬೇಕು. ಈ ಮೂರರಲ್ಲಿ ಯಾವುದು ಎಂದು ತಿಳಿಯುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಮುಳ್ಳು ಮೇಲೆ ಏರಿದ್ದರೆ

ಮುಳ್ಳು ಏರಿದ ರೀತಿಯೂ ಮುಖ್ಯ. ಒಂದೇ ಸ್ಟ್ರೋಕಿಗೆ ಜಿಗಿದು ನಿಂತರೆ ಗಟ್ಟಿ ವಸ್ತು ಸಿಕ್ಕಿಕೊಂಡಿದೆ. ಹಾಪರ್ ಗ್ರಿಲ್ ದಾಟಿದ ದೊಡ್ಡ ಕಲ್ಲು ಇರಬಹುದು. ಟಿಎಂ ಡ್ರಮ್ಮಿನಿಂದ ಉದುರಿದ ಹಳೇ ಸಿಮೆಂಟ್ ಚಕ್ಕೆ ಇರಬಹುದು. ಎಷ್ಟೋ ಸಲ ಕೊನೆಯ ರಬ್ಬರ್ ಹೋಸ್ ಮಡಚಿಕೊಂಡಿರುತ್ತದೆ, ಅಷ್ಟೇ. ಹೋಸ್ ಹಿಡಿಯುವವರು ಅದರ ಬಾಯನ್ನು ಹಾಕಿದ ಕಾಂಕ್ರೀಟಿನೊಳಗೆ ಹೂತು ಬಿಟ್ಟರೂ ಹೀಗೇ ಆಗುತ್ತದೆ. ಮೊದಲು ಅದನ್ನು ನೋಡಿ.

ಹತ್ತಿಪ್ಪತ್ತು ಸ್ಟ್ರೋಕಿನಲ್ಲಿ ಮುಳ್ಳು ನಿಧಾನವಾಗಿ ಏರುತ್ತಾ ಹೋದರೆ ಮಾಲು ದಾರಿಯಲ್ಲಿ ಒಣಗುತ್ತಿದೆ. ಮಾಲು ಹಳೆಯದಾಗಿದ್ದರೂ ಹೀಗೆ ಆಗುತ್ತದೆ. ಎಲ್ಲೋ ಸಿಮೆಂಟ್ ಹಾಲು ಸೋರುತ್ತಿದ್ದರೂ ಆಗುತ್ತದೆ. ಬೆಳಿಗ್ಗೆ ಮೊದಲ ಹತ್ತು ಸ್ಟ್ರೋಕಿನಲ್ಲೇ ಕಟ್ಟಿಕೊಂಡರೆ ಹೆಚ್ಚಾಗಿ ಪೈಪು ನೆನೆಸಲು ಮೊದಲು ಬಿಡುವ ಸಿಮೆಂಟ್ ನೀರು, ಅಂದರೆ ಸ್ಲರಿ, ಸಾಲದೇ ಹೋಗಿದೆ. ಒಣ ಪೈಪು ಮೊದಲ ಮಾಲಿನಿಂದಲೇ ಸಿಮೆಂಟ್ ಹಾಲನ್ನು ಕುಡಿದುಬಿಡುತ್ತದೆ. ಆಗ ಬರೀ ಜಲ್ಲಿ ಮುಂದೆ ನಿಲ್ಲುತ್ತದೆ. ಎರಡು ಮೂಟೆ ಸಿಮೆಂಟಿನ ಗಟ್ಟಿ ಸ್ಲರಿ ಮೊದಲು ಬಿಡಲು ನಾಚಿಕೆ ಬೇಡ. ಆದರೆ ಅದು ಕಾಲಮ್ಮಿಗೋ ಬೀಮಿಗೋ ಬೀಳಬಾರದು, ಹೊರಗೆ ಹಿಡಿದು ಚೆಲ್ಲಬೇಕು.

ಕಟ್ಟಿಕೊಂಡಿದೆ ಎಂದು ಖಾತ್ರಿಯಾದ ಮೇಲೆ ರಿವರ್ಸ್ ಹಾಕಿ ಎರಡು ಮೂರು ಸ್ಟ್ರೋಕ್ ಹಿಂದಕ್ಕೆ ಎಳೆಯಿರಿ. ಹಾಪರಿನಲ್ಲಿ ಮಿಕ್ಸರ್ ತಿರುಗಲಿ, ಹಿಂದೆ ಬಂದ ಮಾಲು ಕಲೆಯಲಿ. ಆಮೇಲೆ ಸ್ಪೀಡ್ ಕಮ್ಮಿ ಮಾಡಿ ಮುಂದಕ್ಕೆ ಬಿಡಿ. ರಿವರ್ಸ್ ಹೊಡೆಯುವಾಗ ಕಣ್ಣು ಹಾಪರಿನ ಮೇಲಿರಲಿ. ಮಾಲಿನ ಮಟ್ಟ ಏರಿದರೆ ಕಟ್ಟಿರುವ ಜಾಗ ಪಂಪಿನಿಂದ ದೂರ ಇದೆ. ಏನೂ ಏರದಿದ್ದರೆ ಹತ್ತಿರದಲ್ಲೇ ಇದೆ: ಎಸ್ ವಾಲ್ವಿನೊಳಗೆ (ಎರಡು ಸಿಲಿಂಡರಿಗೂ ಸರದಿಯಲ್ಲಿ ತಿರುಗುವ ಬಾಗಿದ ಪೈಪು), ರೆಡ್ಯೂಸರಿನಲ್ಲಿ (ಪೈಪು ಕಿರಿದಾಗುವ ತುಂಡು) ಅಥವಾ ಅದರ ಮುಂದಿನ ಮೊದಲ ಬೆಂಡಿನಲ್ಲಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹೀಗೆ ಎರಡು ಮೂರು ಸಲ ಹಿಂದೆ ಮುಂದೆ ಮಾಡಿದರೂ ಬಿಡದಿದ್ದರೆ ನಿಲ್ಲಿಸಿಬಿಡಿ. ಹಟ ಹಿಡಿದು ಒತ್ತಿದಷ್ಟೂ ಬಿರಡೆ ಗಟ್ಟಿಯಾಗುತ್ತದೆ. ಪೈಪಿನ ಮೇಲೂ ಭಾರ ಬೀಳುತ್ತದೆ. ಬೂಮ್ ಮೇಲಿನ ಪೈಪುಗಳನ್ನು ಸಾಮಾನ್ಯವಾಗಿ 85 ಬಾರ್ ಕಾಂಕ್ರೀಟ್ ಒತ್ತಡಕ್ಕೆ ಮಾಡಿರುತ್ತಾರೆ. ಆದರೆ ಅದು ಹೊಸ ಪೈಪಿನ ಲೆಕ್ಕ. ಬೆಂಡಿನ ಹೊರಮೈ ಸವೆದು ತಗಡಿನಂತಾಗಿದ್ದರೆ ಎಷ್ಟು ತಡೆಯುತ್ತದೆ ಎಂದು ಯಾರೂ ಹೇಳಲಾರರು.

ಜಾಗ ಹುಡುಕಲು ಸಣ್ಣ ಸುತ್ತಿಗೆ ಸಾಕು. ಒತ್ತಡ ಇಳಿಸಿ, ಬೂಮನ್ನು ಕೈಗೆಟಕುವ ಮಟ್ಟಕ್ಕೆ ತಂದು ಪೈಪನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಖಾಲಿ ಪೈಪು ಟಣ್ ಅನ್ನುತ್ತದೆ. ತುಂಬಿ ಬಿಗಿದುಕೊಂಡಿದ್ದು ಧಪ್ ಅನ್ನುತ್ತದೆ. ಸದ್ದು ಬದಲಾಗುವ ಕಡೆ ಬಿರಡೆ ಇದೆ. ಎಂಡ್ ಹೋಸ್ ಆದರೆ ಕೈಯಲ್ಲಿ ಅಮುಕಿದರೇ ಗೊತ್ತಾಗುತ್ತದೆ.

ಈಗ ವೇಮಗಲ್ಲಿನ ಕಥೆಗೆ ಬರೋಣ. ನಮ್ಮಲ್ಲಿ ಮುಳ್ಳು ಮೂರು ಸಲವೂ ನಿಧಾನವಾಗಿಯೇ ಏರಿತ್ತು. ಜಿಗಿದಿರಲಿಲ್ಲ. ಹಾಪರಿನ ಮಾಲು ಚೆನ್ನಾಗಿತ್ತು. ಎಂಜಿನಿಯರ್ ಎದುರೇ ಸ್ಲಂಪ್ (ಮಾಲು ಎಷ್ಟು ಮೆತ್ತಗಿದೆ ಎಂಬ ಅಳತೆ) ತೆಗೆದಾಗ 130 ಮಿ.ಮೀ. ಬಂತು. ಹಾಗಾದರೆ ಮಾಲು ಹಾಪರಿನಲ್ಲಿ ಸರಿ ಇದ್ದು ಬೂಮಿನ ಮೇಲೆ ಕೆಡುತ್ತಿದೆ. ಬೂಮನ್ನು ಕೆಳಗೆ ತಂದು ನೋಡಿದಾಗ ಮೂರನೇ ತೋಳಿನ ಬೆಂಡಿಗೆ ಮುಂಚಿನ ಕ್ಲಾಂಪಿನ (ಎರಡು ಪೈಪು ಜೋಡಿಸುವ ಪಟ್ಟಿ) ಕೆಳಗೆ ಪೈಪಿನುದ್ದಕ್ಕೂ ಬಿಳಿ ಗೆರೆ ಒಣಗಿತ್ತು. ಸಿಮೆಂಟ್ ಹಾಲು ಇಳಿದ ಗುರುತು. ಕ್ಲಾಂಪ್ ಬಿಚ್ಚಿದರೆ ಒಳಗಿನ ರಬ್ಬರ್ ರಿಂಗ್ ಅರ್ಧ ಹರಿದಿತ್ತು. ಹಿಂದಿನ ದಿನ ತೊಳೆದು ಜೋಡಿಸುವಾಗ ರಿಂಗ್ ಸರಿಯಾಗಿ ಕೂತಿರಲಿಲ್ಲ. ಕ್ಲಾಂಪ್ ಅದನ್ನೇ ಕಚ್ಚಿತ್ತು. ಜೋಡಿಸಿದ್ದು ನಾವೇ.

ಅಷ್ಟು ಸಣ್ಣ ಸೋರಿಕೆಗೆ ಇಷ್ಟು ದೊಡ್ಡ ಜಾಮ್ ಆಗುತ್ತದಾ ಎಂದು ಎಂಜಿನಿಯರ್ ಕೇಳಿದರು. ಆಗುತ್ತದೆ. ಪೈಪಿನೊಳಗೆ ಕಾಂಕ್ರೀಟ್ ಒಂದು ಗಟ್ಟಿ ಕಂಬದ ಹಾಗೆ ಜಾರುತ್ತದೆ. ಸುತ್ತ ಇರುವ ತೆಳ್ಳನೆಯ ಸಿಮೆಂಟ್ ಹಾಲೇ ಅದಕ್ಕೆ ಎಣ್ಣೆ ಇದ್ದಂತೆ. ಒತ್ತಡದಲ್ಲಿ ಆ ಹಾಲು ಒಂದು ಸಂದಿನಿಂದ ಹೊರಗೆ ಹೋದರೆ ಜಲ್ಲಿಗೆ ಜಲ್ಲಿ ತಾಗಿ ಕಚ್ಚಿಕೊಳ್ಳುತ್ತದೆ. ಸೋರುವ ಜಾಯಿಂಟಿನ ಮುಂದಿನ ಬೆಂಡಿನಲ್ಲೇ ಅದು ನಿಲ್ಲುತ್ತದೆ. ಅದಕ್ಕೇ ಒಂದೇ ಕಡೆ ಮತ್ತೆ ಮತ್ತೆ ಜಾಮ್ ಆದರೆ ಅದರ ಹಿಂದಿನ ಜಾಯಿಂಟನ್ನು ನೋಡಿ. ರಿಂಗ್ ಬದಲಿಸಿದೆವು. ಆಮೇಲೆ ಸಂಜೆವರೆಗೆ ಹತ್ತು ಟಿಎಂ ಹೋಯಿತು, ಒಂದು ಸಲವೂ ನಿಲ್ಲಲಿಲ್ಲ.

ಮೇಸ್ತ್ರಿ ಹೇಳಿದಂತೆ ನೀರು ಬಿಟ್ಟಿದ್ದರೆ ಏನಾಗುತ್ತಿತ್ತು? ನೀರು ಬೇಗ ಸೋರಿ ಹೋಗುತ್ತಿತ್ತು, ಜಾಮ್ ಇನ್ನೂ ಬೇಗ ಆಗುತ್ತಿತ್ತು. ತಳಪಾಯದ ಕಾಂಕ್ರೀಟಿನ ಬಲವೂ ಹೋಗುತ್ತಿತ್ತು. ಪಂಪ್ ಓಡಿಸಲು ಮಾಲಿಗೆ ನೀರು ಹಾಕುವುದು ಕಟ್ಟಡದ ಮಾಲೀಕರಿಗೆ ಮಾಡುವ ಮೋಸ. ಮಾಲು ನಿಜವಾಗಿಯೂ ಗಟ್ಟಿ ಇದ್ದರೆ ಪ್ಲಾಂಟಿನವರು ಒಪ್ಪಿದ ಅಡ್ಮಿಕ್ಸ್ಚರನ್ನು (ಮಾಲು ಸಡಿಲಿಸುವ ರಾಸಾಯನಿಕ) ಟಿಎಂ ಡ್ರಮ್ಮಿಗೇ ಹಾಕಿಸಿ. ಡ್ರಮ್ ಪೂರ್ತಿ ಸ್ಪೀಡಿನಲ್ಲಿ ಕೆಲವು ನಿಮಿಷ ತಿರುಗಲಿ. ಆಗದಿದ್ದರೆ ಆ ಗಾಡಿಯನ್ನು ವಾಪಸ್ ಕಳಿಸಿ.

ಕ್ಲಾಂಪ್ ಬಿಚ್ಚುವ ಮುಂಚೆ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಕಟ್ಟಿಕೊಂಡ ಲೈನಿನಲ್ಲಿ ಒತ್ತಡ ಹಾಗೇ ಕೂತಿರುತ್ತದೆ. ಎಂಜಿನ್ ಆಫ್ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆ ಒತ್ತಡ ಇರುವಾಗ ಕ್ಲಾಂಪಿನ ಹಿಡಿ ಎತ್ತಿದರೆ ಜಲ್ಲಿ ಗುಂಡಿನ ಹಾಗೆ ಮುಖಕ್ಕೆ ಬರುತ್ತದೆ. ಕಣ್ಣು ಹೋದವರಿದ್ದಾರೆ, ಜೀವ ಹೋದವರೂ ಇದ್ದಾರೆ.

ಮೊದಲು ರಿವರ್ಸ್ ಹೊಡೆದು ಗೇಜ್ ಇಳಿದಿದೆಯಾ ನೋಡಿ. ಆಮೇಲೆ ಎಮರ್ಜೆನ್ಸಿ ಸ್ಟಾಪ್ ಒತ್ತಿ. ಅಕ್ಯುಮುಲೇಟರಿನ (ಆಯಿಲ್ ಒತ್ತಡ ಕೂಡಿಡುವ ಬಾಟಲಿ) ಒತ್ತಡವನ್ನು ಅದರ ಕಾಕ್ ತೆರೆದು ಟ್ಯಾಂಕಿಗೆ ಇಳಿಸಿ. ರಿಮೋಟ್ ನಿಮ್ಮ ಹತ್ತಿರವೇ ಇರಲಿ, ಬೇರೆಯವರ ಕೈಗೆ ಕೊಡಬೇಡಿ. ಕನ್ನಡಕ ಹಾಕಿ, ಜಾಯಿಂಟಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಮುಖ ಆಚೆ ತಿರುಗಿಸಿ ನಿಧಾನವಾಗಿ ಸಡಿಲಿಸಿ. ಇನ್ನೊಂದು ಮಾತು. 125 ಮಿ.ಮೀ. ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 12 ಲೀಟರ್ ಕಾಂಕ್ರೀಟ್ ಇರುತ್ತದೆ, ಅಂದರೆ 30 ಕೆ.ಜಿ. ಹತ್ತಿರ. ಮೂರು ಮೀಟರ್ ಪೈಪು ತುಂಬಿಕೊಂಡು ಕಳಚಿದರೆ 90 ಕೆ.ಜಿ. ಮಾಲು, ಅದರ ಮೇಲೆ ಪೈಪಿನ ತೂಕ. ಕೆಳಗೆ ಆಧಾರ ಕೊಡದೆ ಬಿಚ್ಚಬೇಡಿ.

ಬಿಡಿಸಿದ ಮೇಲೆ ಮತ್ತೆ ಶುರು ಮಾಡುವ ಗಳಿಗೆ ಇನ್ನೂ ಅಪಾಯದ್ದು. ಲೈನಿನೊಳಗೆ ಗಾಳಿ ಸೇರಿರುತ್ತದೆ. ಅದು ಒತ್ತಿಕೊಂಡು ಬಂದು ಒಮ್ಮೆಲೇ ಬಿಟ್ಟಾಗ ಎಂಡ್ ಹೋಸ್ ಹಾವಿನ ಹಾಗೆ ಬೀಸುತ್ತದೆ. ಹೋಸ್ ಎಷ್ಟು ಉದ್ದವೋ ಅದರ ಎರಡರಷ್ಟು ಅಗಲದ ವೃತ್ತದೊಳಗೆ ಯಾರೂ ಇರಬಾರದು. 4 ಮೀಟರ್ ಹೋಸ್ ಆದರೆ 8 ಮೀಟರ್ ಅಗಲ ಖಾಲಿ ಇರಲಿ. ಹೋಸ್ ಹಿಡಿಯುವ ಹುಡುಗರು ಈಗ ಹೆಚ್ಚಾಗಿ ಬಿಹಾರ, ಒಡಿಶಾ ಕಡೆಯವರು. ಅವರಿಗೆ ಕೋಲಾರದ ಕನ್ನಡವೂ ತಿಳಿಯದು, ತೆಲುಗೂ ತಿಳಿಯದು. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದೂ ಇಲ್ಲ. ಬೆಳಿಗ್ಗೆಯೇ ಕೈ ಸನ್ನೆ ಮಾತಾಡಿಕೊಳ್ಳಿ. ಮಾಲು ಸಮವಾಗಿ ಬೀಳಲು ಶುರುವಾಗುವವರೆಗೆ ಹೋಸ್ ತಾನಾಗಿ ತೂಗಾಡಲಿ, ಯಾರೂ ಮುಟ್ಟಬಾರದು.

ನಮ್ಮ ಕಡೆಯ ಮಾಲು, ನಮ್ಮ ಕಡೆಯ ಬಿಸಿಲು

ಕೋಲಾರ, ಮಾಲೂರು ಸುತ್ತ ಈಗ ಮರಳು ಅಂದರೆ ಎಂ-ಸ್ಯಾಂಡೇ. ಗ್ರಾನೈಟ್ ಪುಡಿ ಮಾಡಿದ್ದು. ನದಿ ಮರಳಿನ ಹಾಗೆ ಗುಂಡಗಿರುವುದಿಲ್ಲ, ಮೂಲೆ ಮೂಲೆ ಇರುತ್ತದೆ. ಧೂಳು ಪೂರ್ತಿ ತೊಳೆದು ಹೋದ ಎಂ-ಸ್ಯಾಂಡ್ ಆದರೆ ಮಾಲಿನಿಂದ ನೀರು ಬೇರೆಯಾಗುತ್ತದೆ. ಧೂಳು ಅತಿಯಾದರೆ ಅಂಟಂಟಾಗಿ ಗೇಜ್ ಏರುತ್ತದೆ. ಒಂದು ಹಿಡಿ ಮಾಲು ತೆಗೆದು ಗ್ಲೌಸ್ ಹಾಕಿದ ಕೈಯಲ್ಲಿ ಅಮುಕಿ ನೋಡಿ. ನೀರು ಬೆರಳ ಸಂದಿನಿಂದ ಇಳಿದು ಬರೀ ಜಲ್ಲಿ ಉಳಿದರೆ ಆ ಮಾಲು ಬೂಮಿನಲ್ಲಿ ಕಟ್ಟಿಕೊಳ್ಳುತ್ತದೆ. ಗ್ಲೌಸಿಗೆ ಗಾರೆ ಮೆತ್ತಿಕೊಂಡು ಉಂಡೆ ನಿಂತರೆ ಭಯ ಇಲ್ಲ. ಚಪ್ಪಟೆ ಜಲ್ಲಿ ಜಾಸ್ತಿ ಇದ್ದರೂ ಎಂಜಿನಿಯರಿಗೆ ತೋರಿಸಿ.

ಹೊಸಕೋಟೆ ಕಡೆಯಿಂದ ಬರುವ ಟಿಎಂ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಮಾಲು ನರಸಾಪುರ ಮುಟ್ಟುವಷ್ಟರಲ್ಲೇ ಸುಸ್ತಾಗಿರುತ್ತದೆ. ರೆಡಿಮಿಕ್ಸ್ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 4926 ಪ್ರಕಾರ ಸಾಮಾನ್ಯವಾಗಿ ಲೋಡ್ ಮಾಡಿದ 2 ಗಂಟೆಯೊಳಗೆ ಖಾಲಿಯಾಗಬೇಕು. ರಿಟಾರ್ಡರ್ (ಗಟ್ಟಿಯಾಗುವುದನ್ನು ತಡ ಮಾಡುವ ರಾಸಾಯನಿಕ) ಹಾಕಿದ್ದರೆ ಹೆಚ್ಚು ಹೊತ್ತಿಗೆ ಅವಕಾಶ ಇರಬಹುದು. ಚಲನ್ ಮೇಲಿನ ಟೈಮ್ ನೋಡದೆ ಮಾಲು ಹಾಪರಿಗೆ ಇಳಿಸಬೇಡಿ. ಮುಂದಿನ ಗಾಡಿ ತಡವಾದರೆ ಹಾಪರ್ ಖಾಲಿ ಮಾಡಿ ಕಾಯುವುದು ತಪ್ಪು. ಅರ್ಧ ಹಾಪರ್ ಮಾಲು ಉಳಿಸಿಕೊಂಡು ಐದೈದು ನಿಮಿಷಕ್ಕೆ ಒಂದೆರಡು ಸ್ಟ್ರೋಕ್ ಹಿಂದೆ ಮುಂದೆ ಆಡಿಸುತ್ತಿರಿ.

ಮುಳ್ಳು ಕೆಳಗೇ ಇದ್ದರೆ

ಇದು ಮೆಲ್ಲಗೆ ಬರುವ ರೋಗ. ಒಂದೇ ದಿನ ಪಂಪ್ ನಿಲ್ಲುವುದಿಲ್ಲ, ಕೆಲಸ ದಿನದಿನಕ್ಕೆ ನಿಧಾನವಾಗುತ್ತದೆ. ಇದನ್ನು ಹಿಡಿಯಲು ಸ್ಟ್ರೋಕ್ ಎಣಿಸುವುದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ನಮ್ಮ ಗಾಡಿಯ ಕಾಂಕ್ರೀಟ್ ಸಿಲಿಂಡರ್ 230 ಮಿ.ಮೀ. ಅಗಲ, 2100 ಮಿ.ಮೀ. ಉದ್ದ. ಒಂದು ಸ್ಟ್ರೋಕಿಗೆ ಹೆಚ್ಚೆಂದರೆ 87 ಲೀಟರ್. ಪೂರ್ತಿ ಯಾವತ್ತೂ ತುಂಬುವುದಿಲ್ಲ, 85 ಶೇಕಡಾ ಅಂದುಕೊಂಡರೆ 74 ಲೀಟರ್. 6 ಘನ ಮೀಟರಿನ ಟಿಎಂ ಖಾಲಿಯಾಗಲು 80 ಚಿಲ್ಲರೆ ಸ್ಟ್ರೋಕ್ ಬೇಕು. ಅದು 110 ದಾಟಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಗಾಳಿ ಎಳೆಯುತ್ತಿದೆ.

ಗಾಳಿ ಎಳೆಯುವುದು ಸುಲಭವಾಗಿ ಗೊತ್ತಾಗುತ್ತದೆ. ಹಾಪರಿನಲ್ಲಿ ಮಾಲು ಮಿಕ್ಸರ್ ಶಾಫ್ಟಿಗಿಂತ ಕೆಳಗೆ ಇಳಿದಿರುತ್ತದೆ, ಗೊಳ್ ಅನ್ನುವ ಸದ್ದು ಬರುತ್ತದೆ. ಹಾಪರ್ ತುಂಬಿದ್ದರೂ ಹೀಗಾದರೆ ಹಿಂದಿನ ನೀರಿನ ಪೆಟ್ಟಿಗೆಗೆ ಹೋಗಿ. ಹೈಡ್ರಾಲಿಕ್ ಸಿಲಿಂಡರಿಗೂ ಕಾಂಕ್ರೀಟ್ ಸಿಲಿಂಡರಿಗೂ ನಡುವೆ ಇರುವ ಪೆಟ್ಟಿಗೆ ಅದು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿದರೆ ಪರವಾಗಿಲ್ಲ. ಮರಳು ಕಾಣಿಸಿದರೆ ಪಿಸ್ಟನ್ ರಬ್ಬರ್ ಸವೆದಿದೆ. ನೀರಿನ ಮೇಲೆ ಎಣ್ಣೆ ತೇಲಿದರೆ ಹೈಡ್ರಾಲಿಕ್ ರಾಡಿನ ಸೀಲ್ ಹೋಗಿದೆ. ಪಂಪ್ ಓಡುವಾಗ ಆ ಪೆಟ್ಟಿಗೆಗೆ ಕೈ ಹಾಕಬೇಡಿ, ಮುಚ್ಚಳ ತೆಗೆಯುವುದೂ ಬೇಡ. ಅದರೊಳಗೆ ಓಡಾಡುವ ರಾಡು ಬೆರಳನ್ನು ಉಳಿಸುವುದಿಲ್ಲ.

ಒಂದು ಸ್ಟ್ರೋಕ್ ಬಿಟ್ಟು ಒಂದು ಸ್ಟ್ರೋಕಿಗೆ ಮಾತ್ರ ಮಾಲು ಬಂದರೆ ಒಂದು ಬದಿಯ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಬಾಯಿಗೆ ಗಟ್ಟಿ ಮಾಲು ಅಡ್ಡ ಕೂತಿರಬಹುದು, ಅಥವಾ ಆ ಬದಿಯ ರಬ್ಬರ್ ಹೋಗಿರಬಹುದು. ಎರಡೂ ಬದಿ ಬಂದರೂ ಸ್ಟ್ರೋಕಿನ ನಡುವೆ ಮಾಲು ಹಿಂದಕ್ಕೆ ಜಗ್ಗಿದ ಹಾಗೆ ಕಂಡರೆ ಸ್ಪೆಕ್ಟಕಲ್ ಪ್ಲೇಟ್ (ಸಿಲಿಂಡರ್ ಬಾಯಿಗಳಿರುವ ತಟ್ಟೆ) ಮತ್ತು ಕಟಿಂಗ್ ರಿಂಗ್ (ಅದಕ್ಕೆ ಒತ್ತಿ ಕೂರುವ ಎಸ್ ವಾಲ್ವಿನ ಬಾಯಿಯ ಬಳೆ) ನಡುವೆ ಸಂದು ಬಿದ್ದಿದೆ. ಸಂಜೆ ಹಾಪರ್ ತೊಳೆದ ಮೇಲೆ, ಎಂಜಿನ್ ನಿಲ್ಲಿಸಿ, ಅಕ್ಯುಮುಲೇಟರ್ ಇಳಿಸಿ ಆ ಸಂದನ್ನು ಅಳೆಯಿರಿ. ಎಷ್ಟಿರಬೇಕು ಎಂದು ಗಾಡಿಯ ಪುಸ್ತಕದಲ್ಲಿದೆ. ಎಸ್ ವಾಲ್ವಿನ ತುದಿಯ ನಟ್ ಬಿಗಿ ಮಾಡಿದರೆ ಸರಿಹೋದರೆ ಒಳ್ಳೆಯದು, ಇಲ್ಲದಿದ್ದರೆ ರಿಂಗ್ ಬದಲಿಸಬೇಕು. ಈ ಸಂದಿನಿಂದಲೂ ಸಿಮೆಂಟ್ ಹಾಲೇ ಮೊದಲು ಹೋಗುವುದು. ಅದಕ್ಕೇ ಪ್ಲೇಟ್ ಸವೆದ ಗಾಡಿಯಲ್ಲಿ ರೆಡ್ಯೂಸರ್ ಹತ್ತಿರ ಪದೇ ಪದೇ ಜಾಮ್ ಆಗುತ್ತದೆ.

ಎಸ್ ವಾಲ್ವ್ ತಿರುಗಲು ತಿಣುಕಿದರೆ ಅಕ್ಯುಮುಲೇಟರಿನ ಗೇಜ್ ನೋಡಿ. ಪ್ರತಿ ತಿರುವಿಗೂ ಮುಳ್ಳು ಸ್ವಲ್ಪ ಇಳಿದು ಬೇಗ ಏರಬೇಕು. ಪೂರ್ತಿ ಕುಸಿದು ನಿಧಾನವಾಗಿ ಏರಿದರೆ ಒಳಗಿನ ನೈಟ್ರೋಜನ್ ಕಮ್ಮಿಯಾಗಿದೆ. ತುಂಬಿಸುವುದು ಸರ್ವಿಸಿನವರ ಕೆಲಸ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಿಬಿಡೋಣ ಎಂದು ಯಾರಾದರೂ ಹೇಳಿದರೆ ತಡೆಯಿರಿ. ಎಣ್ಣೆಗೆ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ.

ಉಳಿದವು

ಪಂಪ್ ಏನೂ ಕೇಳುತ್ತಿಲ್ಲವಾ? ಎಮರ್ಜೆನ್ಸಿ ಸ್ಟಾಪ್ ಬಟನ್ ರಿಮೋಟ್ ಮೇಲೆ ಒಂದು, ಗಾಡಿಯ ಮೇಲೆ ಬೇರೆ ಬೇರೆ ಕಡೆ ಇನ್ನಷ್ಟು ಇರುತ್ತವೆ. ಎಲ್ಲವನ್ನೂ ಮುಟ್ಟಿ ನೋಡಿ. ಹಾಪರ್ ಗ್ರಿಲ್ ಪೂರ್ತಿ ಮುಚ್ಚಿದೆಯಾ, ರಿಮೋಟ್ ಬ್ಯಾಟರಿ ಇದೆಯಾ, ಪಿಟಿಒ (ಎಂಜಿನ್ ಶಕ್ತಿಯನ್ನು ಪಂಪಿಗೆ ಕೊಡುವ ಗೇರು) ಬಿದ್ದಿದೆಯಾ ನೋಡಿ. ಗ್ರಿಲ್ ಸ್ವಿಚ್ಚನ್ನು ತಂತಿಯಿಂದ ಕಟ್ಟಿ ಮೋಸ ಮಾಡಬೇಡಿ, ಅದು ಇರುವುದು ನಿಮ್ಮ ಕೈ ಉಳಿಸಲು.

ಸ್ಟ್ರೋಕ್ ಕೊನೆಗೆ ಹೋಗಿ ತಿರುಗದೆ ನಿಂತರೆ ಸೆನ್ಸರ್ ಅಥವಾ ಅದರ ವೈರ್. ಮೊದಲು ಒರೆಸಿ, ಕನೆಕ್ಟರ್ ಒತ್ತಿ ನೋಡಿ. ಸ್ಟ್ರೋಕ್ ದಿನದಿನಕ್ಕೆ ಗಿಡ್ಡವಾಗುತ್ತಿದ್ದರೆ ಎರಡು ಸಿಲಿಂಡರಿನ ನಡುವೆ ಓಡಾಡುವ ಆಯಿಲ್ ಸೋರುತ್ತಿದೆ. ಇದನ್ನು ಬಿಟ್ಟರೆ ಸಿಲಿಂಡರಿನ ತುದಿಯಲ್ಲಿ ಮಾಲು ಉಳಿದು ಗಟ್ಟಿಯಾಗುತ್ತದೆ.

ಆಯಿಲ್ 80 ಡಿಗ್ರಿ ದಾಟಿ ಏರುತ್ತಿದ್ದರೆ ಕೂಲರ್ ನೋಡಿ. ನಮ್ಮ ಕಡೆ ಬೇಸಿಗೆಯ ಧೂಳು, ಅದರ ಮೇಲೆ ಸಿಮೆಂಟ್ ಸೇರಿ ಕೂಲರ್ ಮುಂದೆ ಗೋಡೆ ಕಟ್ಟಿರುತ್ತದೆ. ಗಾಳಿ ಹೊಡೆದು ತೆಗೆದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನೀರಿನ ಪೆಟ್ಟಿಗೆಯ ನೀರನ್ನೂ ಬದಲಿಸಿ.

ಗಾಡಿಯನ್ನು ಎತ್ತಿ ಹಿಡಿಯುವ ಕಾಲು (ಔಟ್ ರಿಗ್ಗರ್) ಒಂದು ಕಡೆ ನೆಲಕ್ಕೆ ಇಳಿಯುತ್ತಿದ್ದರೆ ಪಂಪಿಂಗ್ ನಿಲ್ಲಿಸಿ ಬೂಮ್ ಮಡಚಬೇಕು, ಬೇರೆ ದಾರಿ ಇಲ್ಲ. ಪಾಯ ಅಗೆದ ಗುಂಡಿಯ ಅಂಚಿನಲ್ಲಿ ಕಾಲು ಇಡಬೇಡಿ. ಮಣ್ಣು ತುಂಬಿದ ಹಳೇ ಕೆರೆ ಅಂಗಳದ ಲೇಔಟುಗಳಲ್ಲಿ ಮೇಲೆ ಗಟ್ಟಿ ಕಂಡರೂ ನಂಬಬೇಡಿ. ಅಗಲದ ಮರದ ಹಲಗೆ ಕೊಟ್ಟೇ ನಿಲ್ಲಿಸಿ. ರಿಮೋಟ್ ಬಿಟ್ಟ ಮೇಲೂ ಬೂಮ್ ತಾನಾಗಿ ಇಳಿಯುತ್ತಿದ್ದರೆ ಬೂಮ್ ಸಿಲಿಂಡರಿನ ಲಾಕ್ ವಾಲ್ವ್ ಅಥವಾ ಸೀಲ್ ಹೋಗಿದೆ. ಅದರ ಕೆಳಗೆ ಯಾರನ್ನೂ ಬಿಡದೆ, ಮಡಚಿ ಲಾಕ್ ಮಾಡಿ, ಸರ್ವಿಸ್ ಎಂಜಿನಿಯರ್ ಬಂದು ನೋಡುವವರೆಗೆ ಆ ಗಾಡಿಯಲ್ಲಿ ಕೆಲಸ ಮಾಡಬೇಡಿ.